ದೇವರ ಮನೆಗೆ ಚಿಲಕ

ಡೇಕೇರ್ ಲೈಸೆನ್ಸ್ ಕೊಡುವ ಮುಂಚೆ ಮನೆ ನೋಡಲು ಬಂದಿದ್ದ ಅಧಿಕಾರಿ ನಮ್ಮ ದೇವರ ಮನೆ ಮುಂದೆ ನಿಂತುಬಿಟ್ಟರು.

ದೇವರ ಮನೆ ಅಂದರೆ ದೊಡ್ಡದೇನಲ್ಲ. ಅಡುಗೆಮನೆ ಪಕ್ಕದ ಒಂದು ಕಪಾಟು. ಕೆಳಗಿನ ಹಲಗೆ ನನ್ನ ಮೊಣಕಾಲಿನಷ್ಟು ಎತ್ತರದಲ್ಲಿದೆ. ಅದರ ಮೇಲೆ ಎರಡು ದೀಪ, ಎಣ್ಣೆ ಬಾಟಲಿ, ಬೆಂಕಿಪೊಟ್ಟಣ, ಊದುಬತ್ತಿ, ಅರಿಶಿನ ಕುಂಕುಮದ ಬಟ್ಟಲು. ಪಕ್ಕದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ.

"ಇದರಲ್ಲಿ ಏನಿದೆ?"

"ಕರ್ಪೂರ. ಮಂಗಳಾರತಿಗೆ."

ಅವರು ಮೊಣಕಾಲೂರಿ ಕೂತರು. ಒಂದೂವರೆ ವರ್ಷದ ಮಗು ನಿಂತರೆ ಕಣ್ಣು ಎಲ್ಲಿಗೆ ಬರುತ್ತೋ ಆ ಎತ್ತರಕ್ಕೆ. ಎರಡು ಬೆರಳಲ್ಲಿ ಮುಚ್ಚಳ ತಿರುಗಿಸಿದರು. ಸಲೀಸಾಗಿ ಬಂತು. ಒಳಗೆ ಬೆಳ್ಳಗಿನ ಬಿಲ್ಲೆಗಳು, ಥೇಟ್ ಪೆಪ್ಪರ್‌ಮೆಂಟ್ ಹಾಗೆ. ಡಬ್ಬಿಯನ್ನು ನನ್ನ ಕಡೆ ಹಿಡಿದು ತೋರಿಸಿದರು.

ಪುಟ್ಟ ಮಗು ಒಂದೆರಡು ಬಿಲ್ಲೆ ಕರ್ಪೂರ ನುಂಗಿದರೂ ಸಾಕು, ಕೆಲವೇ ನಿಮಿಷದಲ್ಲಿ ಫಿಟ್ಸ್ ಬರಬಹುದು. ಅವರು ಹೇಳುವ ತನಕ ನನಗೆ ಇದು ಗೊತ್ತಿರಲಿಲ್ಲ. ನನ್ನ ಮಗಳು ಅದೇ ಕಪಾಟಿನ ಮುಂದೆ ಅಂಬೆಗಾಲಿಟ್ಟವಳು. ಅದೇ ಹಲಗೆ ಹಿಡಿದು ಮೊದಲ ಸಲ ಎದ್ದು ನಿಂತವಳು. ಆ ಫೋಟೋ ಈಗಲೂ ಫ್ರಿಜ್ ಮೇಲಿದೆ. ಫೋಟೋದ ಮೂಲೆಯಲ್ಲಿ ಆ ಡಬ್ಬಿಯೂ ಕಾಣುತ್ತದೆ.

"ದೇವರು ಇಲ್ಲೇ ಇರಲಿ. ಬಾಗಿಲಿಗೆ ಒಂದು ಚಿಲಕ ಹಾಕಿ, ಮೇಲ್ಗಡೆ, ಮಕ್ಕಳಿಗೆ ಎಟುಕದ ಹಾಗೆ," ಅಂದರು. ಅದೇ ಸಂಜೆ ನನ್ನ ಗಂಡ ಚಿಲಕ ತಂದು ಹಾಕಿದರು.

ನಾನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಮನೆಯಲ್ಲೇ ಪುಟ್ಟ ಡೇಕೇರ್ ನಡೆಸುತ್ತೇನೆ. 2021ರಿಂದ. ಹುಟ್ಟಿ ಬೆಳೆದದ್ದು ತುಮಕೂರಿನಲ್ಲಿ. ಊರಿಗೆ ಹೋದಾಗೆಲ್ಲ ಒಬ್ಬರಲ್ಲ ಒಬ್ಬರು ಕೇಳುತ್ತಾರೆ, "ಮಕ್ಕಳನ್ನ ನೋಡ್ಕೊಳ್ಳೋಕೂ ಲೈಸೆನ್ಸಾ?" ಕೇಳುವವರ ಮೇಲೆ ನನಗೆ ಬೇಜಾರಿಲ್ಲ. ನಾನೂ ಹಾಗೇ ಯೋಚಿಸುತ್ತಿದ್ದವಳು. ನನ್ನನ್ನು ಬೆಳೆಸಿದ್ದು ಅಮ್ಮ ಒಬ್ಬರೇ ಅಲ್ಲ. ಅಮ್ಮ ಸ್ಕೂಲ್ ಟೀಚರ್. ಬೆಳಗ್ಗೆ ಹೋದರೆ ಸಂಜೆ ಬರುತ್ತಿದ್ದರು. ಅಲ್ಲಿಯವರೆಗೆ ನಾನು ಎದುರು ಮನೆ ಅಜ್ಜಿಯ ಮಡಿಲಲ್ಲಿ. ಆ ಅಜ್ಜಿಗೆ ಯಾರು ಲೈಸೆನ್ಸ್ ಕೊಟ್ಟಿದ್ದರು? ಹೇಗೆ ಎತ್ತಿಕೊಳ್ಳಬೇಕು, ಹೇಗೆ ಉಣಿಸಬೇಕು ಅಂತ ಯಾರು ಕಲಿಸಿದ್ದರು? ಅಜ್ಜಿಗೆ ಎಲ್ಲ ಬರುತ್ತಿತ್ತು. ನಮಗೂ ಬರುತ್ತೆ ಅಂದುಕೊಂಡಿದ್ದೆ.

ಮದುವೆಯಾಗಿ ಇಲ್ಲಿಗೆ ಬಂದಾಗ ನನ್ನದು ಎಚ್-4 ವೀಸಾ. ಅಂದರೆ ಗಂಡನ ಜೊತೆ ಇರಬಹುದು, ಕೆಲಸ ಮಾಡುವಂತಿಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿಗೂ ಕೆಲಸದ ಪರವಾನಗಿ ಸಿಗುತ್ತೆ ಅಂತ 2015ರ ಮೇ ತಿಂಗಳಿಂದ ಆಯಿತು. ಆ ಕಾರ್ಡು ನನ್ನ ಕೈಗೆ ಬರುವಷ್ಟರಲ್ಲಿ ಓದಿದ ಇಂಜಿನಿಯರಿಂಗ್‌ಗೆ ತುಕ್ಕು ಹಿಡಿದಿತ್ತು. ಮಗಳು ಚಿಕ್ಕವಳು. ಆಗ ಸ್ನೇಹಿತೆಯೊಬ್ಬಳು ಕೇಳಿದಳು, "ನನ್ನ ಪಾಪುನ ನೋಡ್ಕೋತೀಯಾ? ನಿನ್ನ ಹತ್ತಿರ ಕನ್ನಡ ಕೇಳ್ಕೊಂಡು ಬೆಳೀತಾನೆ." ಒಪ್ಪಿಕೊಂಡೆ. ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ಮಕ್ಕಳ ಜೊತೆ ಇನ್ನೊಂದೇ ಒಂದು ಕುಟುಂಬದ ಮಕ್ಕಳನ್ನು ನೋಡಿಕೊಂಡರೆ ಲೈಸೆನ್ಸ್ ಬೇಕಿಲ್ಲ. ಎರಡನೇ ಕುಟುಂಬದ ಮಗು ಹೊಸ್ತಿಲು ದಾಟಿದ ದಿನದಿಂದ ಬೇಕು.

ಎರಡನೇ ಮಗುವೂ ಬಂತು. ನನಗೆ ಆ ನಿಯಮ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ತಪ್ಪನ್ನು ಸಣ್ಣದು ಮಾಡುವುದಿಲ್ಲ. ಅದಕ್ಕೇ ಇಲ್ಲಿ ಬರೆದುಬಿಡುತ್ತಿದ್ದೇನೆ.

ಮೂರನೇ ವಾರ ಇರಬೇಕು. ಮಗಳಿಗೆ ಅಂತ ಒಂದು ಬಟ್ಟಲು ಚುರುಮುರಿ ಮಾಡಿಕೊಟ್ಟಿದ್ದೆ. ಅವಳು ಸೋಫಾದಿಂದ ಇಳಿಯುವಾಗ ಬಟ್ಟಲು ಮಗುಚಿತು. ನೆಲ ಗುಡಿಸಿದೆ. ಚೆನ್ನಾಗೇ ಗುಡಿಸಿದೆ ಅಂದುಕೊಂಡೆ. ಸೋಫಾ ಕಾಲಿನ ಹಿಂದೆ ಒಂದು ಹುರಿಗಡಲೆ ಉಳಿದುಕೊಂಡಿತ್ತು. ಹನ್ನೊಂದು ತಿಂಗಳ ಮಗು ಅದನ್ನು ಹುಡುಕಿತು. ಆ ವಯಸ್ಸಿನ ಮಕ್ಕಳಿಗೆ ನೆಲದ ಮೇಲಿನ ಸಾಸಿವೆ ಕಾಳೂ ಕಾಣುತ್ತೆ.

ನಾನು ತಿರುಗುವಷ್ಟರಲ್ಲಿ ಮಗುವಿನ ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ಕಣ್ಣು ನನ್ನನ್ನೇ ನೋಡುತ್ತಿತ್ತು. ನಾನು ಬೆರಳು ಹಾಕಿ ತೆಗೆಯಲು ನೋಡಿದೆ. ಏನೂ ಸಿಗಲಿಲ್ಲ. ಎತ್ತಿ ಬೋರಲು ಹಾಕಿಕೊಂಡು ಬೆನ್ನಿಗೆ ತಟ್ಟಿದೆ, ಎಷ್ಟು ಸಲ, ಎಲ್ಲಿ, ಒಂದೂ ಗೊತ್ತಿಲ್ಲದೆ. ಕಾಳು ಹೊರಗೆ ಬಿತ್ತು. ಮಗು ಅತ್ತಿತು. ನಾನು ನೆಲದ ಮೇಲೆ ಕೂತೇ ಇದ್ದೆ. ಸಂಜೆ ಅದರ ಅಮ್ಮ ಬಂದಾಗ ನಡೆದದ್ದೆಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಥ್ಯಾಂಕ್ಸ್ ಕಣೆ, ಉಳಿಸಿದೆ," ಅಂದಳು. ಆ ಥ್ಯಾಂಕ್ಸ್ ನನಗೆ ಸಲ್ಲಬೇಕಾದದ್ದಲ್ಲ ಅಂತ ಅನ್ನಿಸಿತ್ತು. ಯಾಕೆ ಅಂತ ಎರಡು ತಿಂಗಳ ನಂತರ ಗೊತ್ತಾಯಿತು.

ಮರುವಾರ ಆ ಎರಡನೇ ಮಗುವನ್ನು ವಾಪಸ್ ಕಳಿಸಿದೆ. ಲೈಸೆನ್ಸ್ ಸಿಕ್ಕ ಮೇಲೆ ಬಾ ಅಂದೆ.

ಇಲ್ಲಿ ಮನೆಯಲ್ಲಿ ಡೇಕೇರ್ ನಡೆಸಲು ಆರೋಗ್ಯ ಮತ್ತು ಸುರಕ್ಷತೆಯ 16 ಗಂಟೆ ತರಬೇತಿ ಕಡ್ಡಾಯ. ಅದರಲ್ಲಿ ಅರ್ಧ ಮಕ್ಕಳ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್, ಅಂದರೆ ಉಸಿರು ನಿಂತಾಗ ಎದೆ ಒತ್ತಿ ಉಸಿರು ಕೊಡುವುದು. ಉಳಿದದ್ದು ರೋಗ ಹರಡದಂತೆ ನೋಡಿಕೊಳ್ಳುವುದು, ಪೌಷ್ಟಿಕತೆ, ಸೀಸದ ವಿಷ, ಅವಘಡ ತಡೆಯುವುದು. ಒಂದು ಶನಿವಾರ ಬೆಳಗ್ಗೆ ಗೊಂಬೆಗಳನ್ನು ಮುಂದಿಟ್ಟುಕೊಂಡು ಕೂತೆವು. ಹದಿನಾಲ್ಕು ಹೆಂಗಸರು. ಮೆಕ್ಸಿಕೋದವರು, ಚೀನಾದವರು, ಪಂಜಾಬಿನವರು, ನಾನು. ಹೆಚ್ಚುಕಮ್ಮಿ ಎಲ್ಲರೂ ತಾಯಂದಿರೇ. ಎಲ್ಲರ ಮುಖದಲ್ಲೂ ಒಂದೇ ಭಾವ: ನಮಗೆ ಗೊತ್ತಿರದ್ದು ಇವರೇನು ಕಲಿಸುತ್ತಾರೆ?

ಕಲಿಸುವಾಕೆ ಮೊದಲು ಹೇಳಿದ್ದೇ ಇದು. ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ, ಕಣ್ಣಿಗೆ ಕಾಣದೆ ಬೆರಳು ಹಾಕಬೇಡಿ. ಕಾಣಿಸಿದರೆ ತೆಗೆಯಿರಿ. ಕಾಣಿಸದಿದ್ದರೆ ನಿಮ್ಮ ಬೆರಳು ಅದನ್ನು ಇನ್ನೂ ಒಳಕ್ಕೆ ತಳ್ಳುತ್ತೆ.

ನನಗೆ ಕೈಕಾಲು ತಣ್ಣಗಾಯಿತು. ಅವತ್ತು ನಾನು ಮಾಡಿದ್ದು ಅದನ್ನೇ ಅಲ್ವಾ? ಉಳಿಸಿದ್ದು ನಾನಲ್ಲ. ಅದೃಷ್ಟ.

ವರ್ಷ ತುಂಬದ ಕೂಸಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಪೆಟ್ಟು. ತಿರುಗಿಸಿ ಎದೆ ಮೇಲೆ ಐದು ಒತ್ತು. ಕಾಳು ಹೊರಗೆ ಬರುವ ತನಕ, ಇಲ್ಲವೇ ಕೂಸು ಪ್ರಜ್ಞೆ ತಪ್ಪುವ ತನಕ ಹೀಗೇ. ಪ್ರಜ್ಞೆ ತಪ್ಪಿದರೆ ಸಿಪಿಆರ್: ಮೂವತ್ತು ಒತ್ತು, ಎರಡು ಉಸಿರು. ಒತ್ತು ಒಂದೂವರೆ ಇಂಚು ಆಳ ಹೋಗಬೇಕು. ಗೊಂಬೆಯ ಎದೆ ಒತ್ತಿದಾಗ ಎಲ್ಲರೂ ಹೆದರಿ ಮೆಲ್ಲಗೆ ಒತ್ತಿದೆವು. ಕೂಸಿನ ಎದೆ ಅಷ್ಟು ಆಳ ಒತ್ತಲು ಕೈ ಬರುವುದಿಲ್ಲ. ಅದಕ್ಕೇ ಗೊಂಬೆಯ ಮೇಲೆ ನೂರಾರು ಸಲ ಮಾಡಿಸುತ್ತಾರೆ. ಪಕ್ಕದಲ್ಲಿದ್ದ ಪಂಜಾಬಿ ಆಂಟಿ ನಾಲ್ಕು ಮಕ್ಕಳನ್ನು ಸಾಕಿದವರು. ಐದನೇ ಸುತ್ತಿಗೆ ಕಣ್ಣೊರೆಸಿಕೊಂಡರು. ಯಾಕೆ ಅಂತ ಯಾರೂ ಕೇಳಲಿಲ್ಲ.

ಈ ಸರ್ಟಿಫಿಕೇಟ್ ಎರಡೇ ವರ್ಷ. ಮತ್ತೆ ಹೋಗಬೇಕು. ಮೊದಲ ಸಲ ಅನಾವಶ್ಯಕ ಅನ್ನಿಸಿತ್ತು, ಒಮ್ಮೆ ಕಲಿತರೆ ಸಾಲದಾ ಅಂತ. 2021ರಲ್ಲಿ ನನಗೆ ಕೂಸಿನ ಎದೆಯನ್ನು ಎರಡು ಬೆರಳಿಂದ ಒತ್ತಲು ಕಲಿಸಿದ್ದರು. 2025ರ ಅಕ್ಟೋಬರಿನಲ್ಲಿ ಬಂದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಹೊಸ ಮಾರ್ಗಸೂಚಿ ಎರಡು ಬೆರಳು ಬೇಡ ಅನ್ನುತ್ತದೆ. ಒಂದು ಅಂಗೈಯ ಬುಡದಿಂದ ಒತ್ತಿ, ಇಲ್ಲವೇ ಎರಡೂ ಕೈಯಿಂದ ಎದೆ ಬಳಸಿ ಹಿಡಿದು ಹೆಬ್ಬೆರಳುಗಳಿಂದ ಒತ್ತಿ. ಬೆರಳಿಂದ ಬೇಕಾದಷ್ಟು ಆಳ ಹೋಗುವುದಿಲ್ಲ. ನಾನು ಮತ್ತೆ ಹೋಗದಿದ್ದರೆ ಇನ್ನೂ ಎರಡು ಬೆರಳಲ್ಲೇ ಇರುತ್ತಿದ್ದೆ.

ಉಳಿದ ಅರ್ಧದ ಕ್ಲಾಸಿನಲ್ಲಿ ನನಗೆ ನಮ್ಮ ಮನೆ ನೆನಪಾಯಿತು. ಒಂದೊಂದಾಗಿ ನಮ್ಮ ಬಾಣಂತಿ ಕೋಣೆಯ ಸಾಮಾನೆಲ್ಲ ಪರದೆ ಮೇಲೆ ಬಂತು.

ಮೊದಲು ಜೇನು. ನಮ್ಮಲ್ಲಿ ಕೂಸು ಹುಟ್ಟಿದ ಕೂಡಲೇ ಜೇನು ನೆಕ್ಕಿಸುತ್ತಾರೆ. ಆಮೇಲೆ ಬಜೆ ತೇದು ಜೇನಲ್ಲಿ ಕಲಸಿ ನಾಲಿಗೆಗೆ ಹಚ್ಚುತ್ತಾರೆ. ವರ್ಷ ತುಂಬುವ ತನಕ ಜೇನು ಕೂಡದು ಅಂದರು ಇಲ್ಲಿ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ಎಳೆ ಕರುಳಿನಲ್ಲಿ ಮೊಳೆತು ವಿಷ ಉಗುಳುತ್ತದೆ. ಕೂಸಿನ ಸ್ನಾಯುಗಳೆಲ್ಲ ಸಡಿಲವಾಗಿ ಉಸಿರಾಟವೇ ನಿಲ್ಲಬಹುದು. ಕೂಸುಗಳ ಬಾಟ್ಯುಲಿಸಂ ಅನ್ನುವ ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ಕ್ಯಾಲಿಫೋರ್ನಿಯಾದಲ್ಲಿ, 1976ರಲ್ಲಿ.

ಆಮೇಲೆ ಸೀಸ. ಹಳೆ ಮನೆಯ ಬಣ್ಣದ ಬಗ್ಗೆ ಹೇಳುತ್ತಾರೆ ಅಂತ ಗೊತ್ತಿತ್ತು. 1978ಕ್ಕೆ ಮುಂಚಿನ ಮನೆಗಳ ಬಣ್ಣದಲ್ಲಿ ಸೀಸ ಇರಬಹುದು. ನಾವಿರುವ ಬಾಡಿಗೆ ಮನೆ ಅದಕ್ಕೂ ಹಳೆಯದು. ಆದರೆ ಮುಂದಿನ ಚಿತ್ರ ಬಂದಾಗ ನಾನು ನೆಟ್ಟಗೆ ಕೂತೆ. ಅದು ಕಾಡಿಗೆ ಡಬ್ಬಿ. ಅಂಗಡಿಯಲ್ಲಿ ಸಿಗುವ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುತ್ತದೆ. ಕೂಸು ಕಣ್ಣುಜ್ಜುತ್ತೆ, ಕೈ ಬಾಯಿಗೆ ಹೋಗುತ್ತೆ. ಅದರ ಮುಂದಿನದು ಅರಿಶಿನ. ಹಳದಿ ಬಣ್ಣ ಚೆನ್ನಾಗಿ ಬರಲಿ ಅಂತ ಸೀಸದ ಬಣ್ಣ ಬೆರೆಸಿದ ಕಲಬೆರಕೆ ಅರಿಶಿನ. ಸೀಸ ಮಗುವಿನ ಮೆದುಳಿಗೆ ಮಾಡುವ ಹಾನಿ ಹೊರಗಿಂದ ಕಾಣುವುದಿಲ್ಲ. ವರ್ಷಗಳ ನಂತರ ಕಲಿಕೆಯಲ್ಲಿ, ನಡವಳಿಕೆಯಲ್ಲಿ ಕಾಣುತ್ತದೆ.

ದೃಷ್ಟಿ ಆಗಬಾರದು ಅಂತ ನಾವು ಕೆನ್ನೆಗೆ ಬೊಟ್ಟು ಇಡುವುದು ಆ ಕಾಡಿಗೆಯಲ್ಲೇ. ಅದಕ್ಕಿಂತ ಪ್ರೀತಿಯ ಗುರುತು ಇನ್ನೊಂದಿದೆಯಾ? ನನಗೆ ಅವತ್ತು ನಮ್ಮ ಅಜ್ಜಿಯ ಮೇಲಾಗಲೀ ಅಮ್ಮನ ಮೇಲಾಗಲೀ ಒಂದು ಚೂರೂ ಸಿಟ್ಟು ಬರಲಿಲ್ಲ. ನಮ್ಮಜ್ಜಿ ಹರಳೆಣ್ಣೆ ದೀಪದ ಮಸಿ ಹಿಡಿದು, ಬೆಣ್ಣೆ ಹಾಕಿ ಮನೆಯಲ್ಲೇ ಕಾಡಿಗೆ ಮಾಡುತ್ತಿದ್ದರು. ಅವರಿಗೆ ತಮ್ಮ ಡಬ್ಬಿಯೊಳಗೆ ಏನಿದೆ ಅಂತ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ನಾನು ಅಂಗಡಿಯಿಂದ ತಂದು ಅಜ್ಜಿ ಹಚ್ಚಿದ ಹಾಗೆ ಹಚ್ಚುತ್ತಿದ್ದೆ.

ನಿದ್ದೆಯ ಪಾಠ ಇನ್ನೂ ಕಷ್ಟದ್ದು. ಇಲ್ಲಿ ಡೇಕೇರ್‌ನಲ್ಲಿ ಕೂಸನ್ನು ಬೆನ್ನ ಮೇಲೆಯೇ ಮಲಗಿಸಬೇಕು. ಗಟ್ಟಿ ಹಾಸಿಗೆ, ಅದಕ್ಕೆ ಬಿಗಿಯಾಗಿ ಹಾಕಿದ ಹಾಸುಬಟ್ಟೆ, ಅಷ್ಟೇ. ದಿಂಬು ಇಲ್ಲ, ದುಪ್ಪಟಿ ಇಲ್ಲ, ಗೊಂಬೆ ಇಲ್ಲ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವಂತಿಲ್ಲ. ನಾವು ಸೀರೆಯಲ್ಲಿ ಜೋಲಿ ಕಟ್ಟುವವರು. ತಲೆ ಗುಂಡಗಾಗಲಿ ಅಂತ ಸಾಸಿವೆ ದಿಂಬು ಇಡುವವರು. ಕೈಕಾಲು ಬೆದರಬಾರದು ಅಂತ ಹಳೆ ಪಂಚೆಯಲ್ಲಿ ಸುತ್ತಿ ಮಲಗಿಸುವವರು. ಎರಡು ವರ್ಷದೊಳಗಿನ ಮಗು ಮಲಗಿದ್ದರೆ ಹದಿನೈದು ನಿಮಿಷಕ್ಕೊಮ್ಮೆ ಹೋಗಿ ನೋಡಬೇಕು, ಉಸಿರು ಸರಿಯಾಗಿದೆಯಾ, ಮೈ ಬಿಸಿಯಾಗಿದೆಯಾ ಅಂತ. ನೋಡಿದ್ದನ್ನು ಬರೆದಿಡಬೇಕು. 2020ರಲ್ಲಿ ಬಂದ ನಿಯಮ ಇದು. ಅಮೆರಿಕದಲ್ಲಿ 'ಬೆನ್ನ ಮೇಲೆ ಮಲಗಿಸಿ' ಅನ್ನುವ ಪ್ರಚಾರ ಶುರುವಾದದ್ದು 1994ರಲ್ಲಿ. ಕಾರಣವೇ ಗೊತ್ತಾಗದೆ ನಿದ್ದೆಯಲ್ಲಿ ಕೂಸು ಸಾಯುವುದು ಆಮೇಲಿನ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಮಲಗಿಸುವ ರೀತಿ ಬದಲಾದದ್ದೇ ಅದಕ್ಕೆ ದೊಡ್ಡ ಕಾರಣ.

ವಾಕರ್ ಕೂಡ ಇಡುವಂತಿಲ್ಲ. ಚಕ್ರದ ಮೇಲೆ ಕೂರಿಸಿ ಬಿಡುತ್ತೇವಲ್ಲ, ಅದು. ಮಕ್ಕಳು ಅದರ ಸಮೇತ ಮೆಟ್ಟಿಲಿಂದ ಬಿದ್ದದ್ದು ಒಂದೆರಡಲ್ಲ. ನಮ್ಮ ಮನೆಯಲ್ಲಿದ್ದದ್ದನ್ನು ಮುರಿದು ಕಸಕ್ಕೆ ಹಾಕಿದೆ. ಇನ್ನೊಬ್ಬರಿಗೆ ಕೊಡಲು ಮನಸ್ಸಾಗಲಿಲ್ಲ.

ಕಾಗದಪತ್ರದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅರ್ಜಿಗಳ ಹೆಸರೆಲ್ಲ ಎಲ್‌ಐಸಿ ಅಂತ ಶುರುವಾಗುತ್ತೆ. ನಮಗೆ ಎಲ್‌ಐಸಿ ಅಂದರೆ ವಿಮೆ, ಇಲ್ಲಿ ಲೈಸೆನ್ಸ್. ಮನೆಯಲ್ಲಿ ವಾಸವಿರುವ 18 ದಾಟಿದ ಪ್ರತಿಯೊಬ್ಬರೂ ಬೆರಳಚ್ಚು ಕೊಡಬೇಕು. ರಾಜ್ಯದ ನ್ಯಾಯ ಇಲಾಖೆಯಲ್ಲೂ ಎಫ್‌ಬಿಐನಲ್ಲೂ ತಾಳೆ ನೋಡುತ್ತಾರೆ. ಮಕ್ಕಳ ಮೇಲಿನ ದೌರ್ಜನ್ಯದ ದಾಖಲೆಯಲ್ಲೂ ಹುಡುಕುತ್ತಾರೆ. ದಡಾರ, ನಾಯಿಕೆಮ್ಮು, ಫ್ಲೂ ಲಸಿಕೆಯ ದಾಖಲೆ ಬೇಕು. ಕ್ಷಯ ಇಲ್ಲ ಅಂತ ತೋರಿಸಬೇಕು. ಭಾರತದಲ್ಲಿ ಹುಟ್ಟಿದವರು ಇದೊಂದನ್ನು ನೆನಪಿಡಿ: ತೋಳಿನ ಮೇಲೆ ಬಿಸಿಜಿ ಕಲೆ ಇದ್ದರೆ ಚರ್ಮದ ಪರೀಕ್ಷೆಯಲ್ಲಿ ಊದಿಕೊಂಡು ಕ್ಷಯ ಇದೆಯೇನೋ ಅನ್ನಿಸಬಹುದು. ಮೊದಲೇ ರಕ್ತ ಪರೀಕ್ಷೆ ಕೇಳಿ. ಬಾಡಿಗೆ ಮನೆಯವರೂ ಹೆದರಬೇಕಿಲ್ಲ. 2020ರ ಜನವರಿಯಿಂದ ಜಾರಿಯಲ್ಲಿರುವ ಎಸ್‌ಬಿ 234 ಕಾನೂನಿನ ಪ್ರಕಾರ, ಡೇಕೇರ್ ನಡೆಸುತ್ತೀರಿ ಅನ್ನುವ ಕಾರಣಕ್ಕೆ ಮಾಲೀಕರು ಮನೆ ಬಿಡಿಸುವಂತಿಲ್ಲ. ಶುರು ಮಾಡುವ 30 ದಿನ ಮುಂಚೆ ಬರೆದು ತಿಳಿಸಿದರೆ ಆಯಿತು.

ಎಷ್ಟು ಮಕ್ಕಳು ಅನ್ನುವುದರ ಮೇಲೆ ಸ್ವಲ್ಪ ನಿಲ್ಲಬೇಕು. ಚಿಕ್ಕ ಲೈಸೆನ್ಸ್‌ನಲ್ಲಿ ಎಲ್ಲರೂ ಎರಡು ವರ್ಷದೊಳಗಿನ ಕೂಸುಗಳಾದರೆ ನಾಲ್ಕೇ. ಬೇರೆ ವಯಸ್ಸಿನವರೂ ಇದ್ದರೆ ಆರು, ಅದರಲ್ಲಿ ಕೂಸುಗಳು ಮೂರಕ್ಕಿಂತ ಹೆಚ್ಚಿಲ್ಲ. ಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಕೆಲವು ಷರತ್ತಿನ ಮೇಲೆ ಎಂಟು. ನಮ್ಮ ಸ್ವಂತ ಮಕ್ಕಳು ಹತ್ತು ವರ್ಷದೊಳಗಿದ್ದರೆ ಅವರೂ ಲೆಕ್ಕಕ್ಕೆ ಸೇರುತ್ತಾರೆ. ಆಗ ನನ್ನ ಮಗಳಿಗೆ ಐದು. "ನಾನೂ ಡೇಕೇರ್ ಪಾಪುನಾ?" ಅಂತ ಮುಖ ಚಿಕ್ಕದು ಮಾಡಿಕೊಂಡಿದ್ದಳು. ನನಗೂ ಒಂಥರಾ ಆಯಿತು. ನನ್ನ ಮಗಳನ್ನು ನಾನು ಎಣಿಸಬೇಕಾ?

ಉತ್ತರ ಸಿಕ್ಕಿದ್ದು ಮೊದಲ ಅಗ್ನಿ ಅಭ್ಯಾಸದ ದಿನ. ಆರು ತಿಂಗಳಿಗೊಮ್ಮೆ ಮಾಡಿ ಬರೆದಿಡಬೇಕು. ಹೊಗೆ ಅಲಾರಂ ಒತ್ತಿದೆ. ಮೂರು ಕೂಸು, ಒಂದು ಮೂರು ವರ್ಷದ್ದು, ನನ್ನ ಮಗಳು. ಅಲಾರಂ ಸದ್ದಿಗೆ ಎಲ್ಲರೂ ಒಟ್ಟಿಗೆ ಅಳಲು ಶುರು. ಎರಡು ಕೂಸನ್ನು ಎರಡು ಕಂಕುಳಲ್ಲಿ ಎತ್ತಿಕೊಂಡೆ. ಮೂರನೆಯದಕ್ಕೆ ಕೈ ಇಲ್ಲ. ಎರಡನ್ನು ಹೊರಗೆ ಬಿಟ್ಟು ವಾಪಸ್ ಬರಬೇಕು ಅಂದರೆ, ಹೊರಗಿರುವ ಎರಡನ್ನು ನೋಡುವವರು ಯಾರು? ಮಗಳು ಮಂಚದ ಪಕ್ಕ ಕಿವಿ ಮುಚ್ಚಿಕೊಂಡು ನಿಂತಿದ್ದಳು. ನಾನು ಅವಳನ್ನು ಕರೆಯಲೇ ಇಲ್ಲ. ಅವಳು ದೊಡ್ಡವಳು, ಬರುತ್ತಾಳೆ ಅಂದುಕೊಂಡೆ. ಅವಳು ಬರಲಿಲ್ಲ.

ಅವಳನ್ನು ಯಾಕೆ ಎಣಿಸುತ್ತಾರೆ ಅಂತ ಮತ್ತೆ ಕೇಳಲಿಲ್ಲ. ಮರುದಿನ ಚಕ್ರ ಇರುವ ಗಟ್ಟಿ ತೊಟ್ಟಿಲು ತಂದೆವು. ಈಗ ಅಲಾರಂ ಆದರೆ ಕೂಸುಗಳೆಲ್ಲ ಅದರೊಳಗೆ, ದೊಡ್ಡವರು ಅದರ ಕಂಬಿ ಹಿಡಿದುಕೊಳ್ಳಬೇಕು. ಹೋದ ಸಲ ಒಂದು ನಿಮಿಷದೊಳಗೆ ಹಿತ್ತಲಲ್ಲಿದ್ದೆವು.

ಇನ್ನೊಂದು ತರಬೇತಿ ಇದೆ. ಅದು ಆನ್‌ಲೈನ್‌ನಲ್ಲಿ, ದುಡ್ಡಿಲ್ಲದೆ ಸಿಗುತ್ತೆ. ಗಂಟೆ ಲೆಕ್ಕದಲ್ಲಿ ಚಿಕ್ಕದು. ಮನಸ್ಸಿಗೆ ಎಲ್ಲಕ್ಕಿಂತ ಭಾರ. ನಮ್ಮ ಕೈಯಲ್ಲಿರುವ ಮಗುವಿಗೆ ಯಾರಾದರೂ ಹೊಡೆಯುತ್ತಿದ್ದಾರೆ, ಹಿಂಸೆ ಕೊಡುತ್ತಿದ್ದಾರೆ ಅಂತ ಅನುಮಾನ ಬಂದರೆ ನಾವು ಕೂಡಲೇ ಫೋನ್ ಮಾಡಿ ತಿಳಿಸಬೇಕು. 36 ಗಂಟೆಯೊಳಗೆ ಬರೆದು ಕೊಡಬೇಕು. ತಿಳಿಸದಿದ್ದರೆ ಅದು ಅಪರಾಧ. 2018ರಿಂದ ಡೇಕೇರ್‌ನವರಿಗೆ ಈ ತರಬೇತಿ ಕಡ್ಡಾಯ, ಎರಡು ವರ್ಷಕ್ಕೊಮ್ಮೆ.

ನಮ್ಮ ಹತ್ತಿರ ಬರುವವರೆಲ್ಲ ಪರಿಚಯದವರು. ರಾಜ್ಯೋತ್ಸವದಲ್ಲಿ ಒಟ್ಟಿಗೆ ಊಟಕ್ಕೆ ಕೂತವರು. "ಮನೆ ವಿಷಯ ಬೀದಿಗೆ ತರಬಾರದು" ಅಂತ ಕೇಳಿಕೊಂಡು ಬೆಳೆದವರು ನಾವು. ಅಂಥವರ ಮೇಲೆ ಫೋನ್ ಎತ್ತುವುದು ಅಂದರೆ ಸುಮ್ನೆ ಅಲ್ಲ. ತರಬೇತಿ ನನಗೆ ಕೊಟ್ಟದ್ದು ನೋಡುವ ಕಣ್ಣು. ನಮ್ಮ ಎಷ್ಟೋ ಕೂಸುಗಳ ಸೊಂಟದ ಕೆಳಗೆ ನೀಲಿ ಮಚ್ಚೆ ಇರುತ್ತೆ, ಹುಟ್ಟಿನಿಂದಲೇ. ಗೊತ್ತಿಲ್ಲದವರಿಗೆ ಅದು ಪೆಟ್ಟು ಬಿದ್ದ ಹಾಗೆ ಕಾಣುತ್ತೆ. ಮೊದಲ ದಿನವೇ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಎಲ್ಲಿ, ಎಷ್ಟು ದೊಡ್ಡದು ಅಂತ ಬರೆದುಕೊಳ್ಳುತ್ತೇನೆ. ಮಚ್ಚೆಯನ್ನು ಪೆಟ್ಟು ಅನ್ನಬಾರದು. ಪೆಟ್ಟನ್ನು ಮಚ್ಚೆ ಅಂತ ಸಮಾಧಾನ ಮಾಡಿಕೊಳ್ಳಲೂಬಾರದು. ನಾನು ಯಾವತ್ತಾದರೂ ಆ ಫೋನ್ ಮಾಡಿದ್ದೇನಾ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಬೇಕು. ಹದಿನಾರು ಗಂಟೆ ಕಮ್ಮಿ. ಇದೇ ಕ್ಯಾಲಿಫೋರ್ನಿಯಾದಲ್ಲಿ ಬ್ಯೂಟಿ ಪಾರ್ಲರ್ ಕೆಲಸದ ಲೈಸೆನ್ಸ್‌ಗೆ 1,000 ಗಂಟೆ ತರಬೇತಿ ಬೇಕು. ಡೇಕೇರ್ ಸೆಂಟರ್‌ನಲ್ಲಿ ಟೀಚರ್ ಆಗಲು ಕಾಲೇಜಿನಲ್ಲಿ ಮಕ್ಕಳ ಶಿಕ್ಷಣದ ಪಾಠ ಓದಿರಬೇಕು. ಮನೆಯಲ್ಲಿ ನಡೆಸುವವರಿಗೆ ಅದು ಬೇಕಿಲ್ಲ. ಲೈಸೆನ್ಸ್ ನನಗೆ ಮಗು ಸಾಯದ ಹಾಗೆ ನೋಡಿಕೊಳ್ಳುವುದನ್ನು ಕಲಿಸಿತು. ಮಗು ಅರಳುವುದು ಹೇಗೆ ಅಂತ ಕಲಿಸಲಿಲ್ಲ. ಅದಕ್ಕೆ ಆಮೇಲೆ ನಾನೇ ಕಮ್ಯುನಿಟಿ ಕಾಲೇಜಿಗೆ ಸಂಜೆ ಹೊತ್ತು ಹೋದೆ. ಮಾತು ಬಾರದ ಕೂಸು ಕೂಡ ಮಾತಿಗೆ ಸರದಿ ಕಾಯುತ್ತದೆ ಅಂತ ಅಲ್ಲಿ ಕಲಿತೆ. ನಾವು ಒಂದು ಮಾತಾಡಿ ಸುಮ್ಮನಾದರೆ ಅದು "ಊಂ" ಅನ್ನುತ್ತೆ. ಎದುರು ಮನೆ ಅಜ್ಜಿ ಇದನ್ನು ಕಾಲೇಜಿಗೆ ಹೋಗದೆ ಮಾಡುತ್ತಿದ್ದರು. "ಆನೆ ಬಂತೊಂದಾನೆ" ಅಂತ ನಿಲ್ಲಿಸಿ, ನಾನು ಕೈ ಬಡಿಯುವ ತನಕ ಕಾಯುತ್ತಿದ್ದರು.

ಲೈಸೆನ್ಸ್ ಇಲ್ಲದೆ ಮಕ್ಕಳನ್ನು ನೋಡಿಕೊಳ್ಳುವ ನಮ್ಮ ಹೆಂಗಸರು ಇಲ್ಲಿ ಇದ್ದಾರೆ. ಕೆಲವರಿಗೆ ಕೆಲಸದ ಪರವಾನಗಿಯೇ ಇಲ್ಲ, ಹಾಗಾಗಿ ಲೈಸೆನ್ಸ್ ಕೇಳಲು ಹೆದರಿಕೆ. ಕೆಲವರಿಗೆ ಇಂಗ್ಲಿಷಿನ ಅರ್ಜಿ ಕಷ್ಟ. ಅವರು ಮಕ್ಕಳನ್ನು ಪ್ರೀತಿಸುವುದಿಲ್ಲ ಅಂತ ನಾನು ಹೇಳಲಾರೆ. ನಾನೂ ಪ್ರೀತಿಸುತ್ತಿದ್ದೆ, ಬೆರಳು ಹಾಕಿದ ದಿನವೂ. ಅವರಿಗೆ ನನ್ನದೊಂದು ಕೋರಿಕೆ. ಲೈಸೆನ್ಸ್ ಆಮೇಲೆ ನೋಡೋಣ, ಸಿಪಿಆರ್ ಕ್ಲಾಸಿಗೆ ಈ ಶನಿವಾರವೇ ಹೋಗಿ. ಅದಕ್ಕೆ ಯಾವ ವೀಸಾವೂ ಬೇಕಿಲ್ಲ. ಅಪ್ಪ ಅಮ್ಮಂದಿರಿಗೂ ಒಂದು ಮಾತು. ಪ್ರತಿ ಲೈಸೆನ್ಸ್‌ಗೂ ನಂಬರ್ ಇರುತ್ತೆ. ಅದನ್ನು ರಾಜ್ಯದ ವೆಬ್‌ಸೈಟಿನಲ್ಲಿ ಹಾಕಿದರೆ ಆ ಮನೆಗೆ ಯಾವಾಗ ತಪಾಸಣೆಗೆ ಬಂದಿದ್ದರು, ಏನು ತಪ್ಪು ಕಂಡಿತು ಅಂತ ತಿಳಿಯುತ್ತದೆ. ನನ್ನ ಮನೆಯದನ್ನೂ ನೋಡಿ. ನೋಡಿ ಬಂದು ಕೇಳಿದವರ ಜೊತೆ ನನಗೆ ಮಾತು ಸಲೀಸು.

ಬೆಂಗಳೂರಿನಲ್ಲಿ ನನ್ನ ತಂಗಿ ಮಗುವನ್ನು ಬಿಡುತ್ತಿದ್ದದ್ದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿರುವ ಒಬ್ಬರ ಮನೆಗೆ. ಒಳ್ಳೆಯವರು. ಅವರ ಹತ್ತಿರ ಒಟ್ಟು ಎಷ್ಟು ಮಕ್ಕಳಿದ್ದಾರೆ ಅಂತ ಕೇಳಿದೆ. ತಂಗಿಗೆ ಗೊತ್ತಿರಲಿಲ್ಲ. ಅವರಿಗೆ ಪ್ರಥಮ ಚಿಕಿತ್ಸೆ ಬರುತ್ತಾ ಅಂದೆ. "ಅದನ್ನ ಹೇಗೆ ಕೇಳೋದೇ?" ಅಂದಳು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರಲ್ಲಿ ಹೆರಿಗೆ ಸೌಲಭ್ಯದ ಕಾನೂನಿಗೆ ಸೇರಿಸಿದ್ದಾರೆ. ಹಳ್ಳಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗೆ ಅಂತ ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಿಸಿತು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರಿಗೆ ತರಬೇತಿಯೂ ಇದೆ. ಅದನ್ನು ಓದಿದಾಗ ನನಗೆ ತುಂಬಾ ಖುಷಿಯಾಯಿತು. ಕೂಲಿಗೆ ಹೋಗುವ ತಾಯಿಯ ಕೂಸಿಗೆ ಸಿಗುವ ತರಬೇತಾದ ಕೈ ಮೂರನೇ ಮಹಡಿಯ ಮನೆಯಲ್ಲೂ ಇರಬೇಕು ಅಲ್ವಾ?

2022ರ ಬೇಸಿಗೆಯಲ್ಲಿ ಅಮ್ಮ ಆರು ತಿಂಗಳಿಗೆ ಬಂದರು. ಅಷ್ಟು ದಿನ ಇದೇ ಮನೆಯಲ್ಲಿ ಇರುತ್ತಾರೆ ಅಂದ ಮೇಲೆ ಅವರ ಬೆರಳಚ್ಚೂ ಬೇಕಾಯಿತು. ಯಂತ್ರದ ಗಾಜಿನ ಮೇಲೆ ಬೆರಳಿಟ್ಟರು. ಗೆರೆ ಮೂಡಲಿಲ್ಲ. ಕೆಲಸದ ಹುಡುಗ ಕ್ರೀಮ್ ಹಚ್ಚಿ ನೋಡಿದ, ಒರೆಸಿ ನೋಡಿದ, ತಾನೇ ಬೆರಳು ಹಿಡಿದು ಉರುಳಿಸಿ ನೋಡಿದ. ಹೇಗೋ ಕಳಿಸಿದರೆ ಒಂದು ವಾರಕ್ಕೆ ವಾಪಸ್ ಬಂತು, ಓದಲು ಆಗುತ್ತಿಲ್ಲ ಅಂತ. ಊರಲ್ಲಿ ಆಧಾರ್ ಮಾಡಿಸುವಾಗಲೂ ಹೀಗೇ ಆಗಿತ್ತಂತೆ. ಪಾತ್ರೆ ತಿಕ್ಕಿ, ಬಟ್ಟೆ ಒಗೆದು, ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ಸವೆದ ಬೆರಳು. ಮೂವರು ಮಕ್ಕಳನ್ನು, ಎರಡು ಮೊಮ್ಮಕ್ಕಳನ್ನು ಎತ್ತಿದ ಕೈ. ಕಾರಿನಲ್ಲಿ ವಾಪಸ್ ಬರುವಾಗ ಅಮ್ಮ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು. ಎರಡನೇ ಸಲ ಸರಿಯಾಗಿ ಬಂತು.

ಅಮ್ಮ ಬಂದದ್ದು ವಿಸಿಟರ್ ವೀಸಾದಲ್ಲಿ. ನನ್ನ ಡೇಕೇರ್‌ನಲ್ಲಿ ಕೆಲಸ ಮಾಡುವಂತಿಲ್ಲ. ಇದನ್ನು ಹೇಳುವುದು ನನಗೆ ಕಷ್ಟವಾಯಿತು. ಮಗು ಅತ್ತರೆ ಅವರ ಕೈ ತಾನಾಗೇ ಮುಂದೆ ಬರುತ್ತಿತ್ತು, ಮತ್ತೆ ಮಡಿಲಿಗೆ ಹೋಗುತ್ತಿತ್ತು. "ಬರೀ ಬೆನ್ನ ಮೇಲೆ ಮಲಗಿಸ್ತೀಯಲ್ಲೇ, ತಲೆ ಚಪ್ಪಟೆ ಆಗಲ್ವಾ?" ಅಂತ ಮೊದಲ ವಾರ ಕೇಳಿದರು. ಎಚ್ಚರವಿದ್ದಾಗ ಬೋರಲು ಹಾಕಿ ಆಡಿಸುತ್ತೇವೆ ಅಂದೆ. ಗೋಡೆಗೆ ಅಂಟಿಸಿದ ನಿದ್ದೆಯ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿದರು. ಹೆಸರು, ಗಂಟೆ, ಉಸಿರು, ಬಣ್ಣ. ಟೀಚರ್ ಕೆಲಸ ಮಾಡಿದವರಲ್ವಾ, ಹಾಜರಿ ಪುಸ್ತಕ ಓದಿದ ಹಾಗೆ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು.

ಆಗಸ್ಟಿನ ಒಂದು ಮಧ್ಯಾಹ್ನ. ಮೂರು ಕೂಸುಗಳೂ ಮಲಗಿದ್ದವು. ನಾನು ಅಡುಗೆಮನೆಯಲ್ಲಿ ದ್ರಾಕ್ಷಿಯನ್ನು ಉದ್ದುದ್ದಕ್ಕೆ ನಾಲ್ಕು ಸೀಳು ಮಾಡುತ್ತಿದ್ದೆ. ಅಮ್ಮ ಸೋಫಾದಲ್ಲಿ ಕೂತು ಮಡಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಗಡಿಯಾರದ ಕಡೆ ನೋಡಿ, ದನಿ ಏರಿಸದೆ ಕರೆದರು.

"ಕಾಲು ಗಂಟೆ ಆಯ್ತು ಕಣೇ. ಹೋಗಿ ನೋಡು."

ಕೈ ಒರೆಸಿಕೊಂಡು ಹೋದೆ.